ಕತ್ಸುಯಾಮಾದಲ್ಲಿ ಡೈನೊಸಾರ್‌ಗಳೊಡನೆ ಒಂದು ದಿನ

ಜಪಾನಿನ ಕಾನಾಜಾವಾದಲ್ಲಿ ತಂಗಲಿದ್ದ ನಾಲ್ಕು ದಿನಗಳಲ್ಲಿ ಒಂದನ್ನು ಎಂಟು ವರ್ಷದ ಮಗಳಿಗೇ ಬಿಟ್ಟುಕೊಡಬೇಕೆಂದು ಬೆಂಗಳೂರು ಬಿಡುವ ಮೊದಲೇ ಮನೆಯಲ್ಲಿ ಮಾತಾಗಿತ್ತು. ಅವಳು ಆರಿಸಿಕೊಂಡದ್ದು ನೆರೆಯ ಫುಕುಯಿ ಪ್ರಾಂತ್ಯದ ಕತ್ಸುಯಾಮಾ ಎಂಬ ಸಣ್ಣ ಊರನ್ನು. ಅಲ್ಲಿ ಪ್ರಾಂತ್ಯದ ಸರ್ಕಾರವೇ ನಡೆಸುವ ಡೈನೊಸಾರ್ ವಸ್ತುಸಂಗ್ರಹಾಲಯವಿದೆ.

ಹೊಕುರಿಕು ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಮಾರ್ಗವು 2024ರ ಮಾರ್ಚ್ 16ರಂದು ಕಾನಾಜಾವಾದಿಂದ ತ್ಸುರುಗಾವರೆಗೆ ವಿಸ್ತರಣೆಯಾದ ಮೇಲೆ ಫುಕುಯಿ ನಗರ ಅರ್ಧ ಗಂಟೆಯಷ್ಟೇ ದೂರದಲ್ಲಿದೆ. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಚೌಕದಲ್ಲಿ ಕತ್ತು ತಿರುಗಿಸಿ ಗರ್ಜಿಸುವ ಡೈನೊಸಾರ್ ಪ್ರತಿಮೆಗಳು ನಿಂತಿವೆ. ಫುಕುಯಿರ್ಯಾಪ್ಟರ್, ಫುಕುಯಿಸಾರಸ್, ಫುಕುಯಿಟೈಟನ್ ಎಂಬ ಅವುಗಳ ಹೆಸರುಗಳನ್ನು ಮಗಳು ನಮಗಿಂತ ಮೊದಲೇ ಕೂಗಿದಳು. ಮೂರೂ ಈ ಪ್ರಾಂತ್ಯದ ಮಣ್ಣಿನಲ್ಲೇ ದೊರೆತು, ಇದರ ಹೆಸರನ್ನೇ ಹೊತ್ತ ಜೀವಿಗಳು.

ಅಲ್ಲಿಂದ ಎಚಿಜೆನ್ ರೈಲ್ವೆಯ ಪುಟ್ಟ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪಯಣ. ಈ ಮಾರ್ಗದ ಚರಿತ್ರೆಯನ್ನು ತಿಳಿದು ಹತ್ತಿದರೆ ಪ್ರಯಾಣದ ರುಚಿಯೇ ಬೇರೆ. 2000ದ ಡಿಸೆಂಬರ್‌ನಲ್ಲೊಮ್ಮೆ, 2001ರ ಜೂನ್‌ನಲ್ಲೊಮ್ಮೆ ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದು ಸಂಚಾರ ನಿಂತುಹೋಗಿತ್ತು. ರೈಲಿಲ್ಲದೆ ರಸ್ತೆಗಳೆಲ್ಲ ವಾಹನಗಳಿಂದ ಕಟ್ಟಿಕೊಂಡು, ಹಿಮ ಬೀಳುವ ಚಳಿಗಾಲದಲ್ಲಿ ಮಕ್ಕಳೂ ವೃದ್ಧರೂ ಪಡಿಪಾಟಲು ಪಟ್ಟ ಬಳಿಕ, ಸ್ಥಳೀಯ ಆಡಳಿತಗಳೂ ಜನರೂ ಸೇರಿ ಹೊಸ ಕಂಪನಿ ಕಟ್ಟಿ 2003ರಲ್ಲಿ ಅದೇ ಹಳಿಗಳ ಮೇಲೆ ಮತ್ತೆ ರೈಲು ಓಡಿಸಿದರು. ಅಂದಿನಿಂದಲೂ ಬೋಗಿಯಲ್ಲಿ ಟಿಕೆಟ್ ನೀಡುತ್ತ, ಹಿರಿಯರಿಗೆ ಹತ್ತಿಳಿಯಲು ಕೈ ಆಸರೆಯಾಗುವ ಸಹಾಯಕಿಯರಿದ್ದಾರೆ. ನಮ್ಮ ಬೋಗಿಯ ಸಹಾಯಕಿ ಮಗಳ ಕೈಯಲ್ಲಿದ್ದ ಗೊಂಬೆಯನ್ನು ಕಂಡು, ಬಗ್ಗಿ ಅದಕ್ಕೂ ನಮಸ್ಕರಿಸಿದರು.

ಹಳಿಗಳ ಪಕ್ಕದಲ್ಲೇ ಹರಿಯುವ ನದಿಯ ಹೆಸರು ಕುಜುರ್ಯು, ಎಂದರೆ ಒಂಬತ್ತು ತಲೆಯ 'ರ್ಯು' (ಡ್ರ್ಯಾಗನ್). ಬೌದ್ಧ ಗ್ರಂಥಗಳು ಭಾರತದಿಂದ ಚೀನಾದ ದಾರಿಯಾಗಿ ಜಪಾನ್ ತಲುಪಿದಾಗ ನಮ್ಮ 'ನಾಗ'ನಿಗೆ ಅಲ್ಲಿ ದೊರೆತ ರೂಪ ಈ ರ್ಯು. ಡೈನೊಸಾರ್‌ಗೆ ಜಪಾನೀ ಭಾಷೆಯಲ್ಲಿರುವ 'ಕ್ಯೋರ್ಯು' ಎಂಬ ಪದದಲ್ಲೂ ಅದೇ ರ್ಯು ಇದೆ. ಸುಬ್ರಹ್ಮಣ್ಯದ ನಾಗನ ಕತೆಗಳನ್ನು ಅಜ್ಜಿಯಿಂದ ಕೇಳಿ ಬೆಳೆದ ಹುಡುಗಿಗೆ ಇದನ್ನು ಹೇಳಿದಾಗ, ಅವಳು ಕಿಟಕಿಗೆ ಮೂಗು ಒತ್ತಿ ಹೊಳೆಯನ್ನು ಬಹಳ ಹೊತ್ತು ದಿಟ್ಟಿಸಿದಳು.

ಕತ್ಸುಯಾಮಾ ನಿಲ್ದಾಣದ್ದು 1914ರ ಮರದ ಕಟ್ಟಡ. ಅಲ್ಲಿಂದ ಬಸ್ಸಿನಲ್ಲಿ ಹದಿನೈದು ನಿಮಿಷ ಹೋದರೆ ಬೆಟ್ಟದ ಹಸಿರಿನ ನಡುವೆ ಬೆಳ್ಳಿಬಣ್ಣದ ಬೃಹತ್ ಮೊಟ್ಟೆಯೊಂದು ಎದ್ದು ಕಾಣುತ್ತದೆ. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ವಿನ್ಯಾಸಗೊಳಿಸಿದ ಈ ವಸ್ತುಸಂಗ್ರಹಾಲಯ 2000ದಲ್ಲಿ ತೆರೆಯಿತು. 2023ರ ಜುಲೈನಲ್ಲಿ ವಿಸ್ತಾರಗೊಂಡು ಮತ್ತೆ ಬಾಗಿಲು ತೆರೆಯಿತು. ಒಳಗೆ ಹೋದೊಡನೆ ಉದ್ದನೆಯ ಎಸ್ಕಲೇಟರ್ ನಮ್ಮನ್ನು ನೇರವಾಗಿ ನೆಲಮಾಳಿಗೆಗೆ ಇಳಿಸುತ್ತದೆ. ಪಳೆಯುಳಿಕೆಗಳು ಸಾಲಾಗಿರುವ ಮಬ್ಬುಗತ್ತಲ ಹಾದಿಯನ್ನು ದಾಟಿ ಮೇಲೇರಿದಾಗ ಗುಮ್ಮಟದ ಕೆಳಗೆ ಸುಮಾರು 50 ಅಸ್ಥಿಪಂಜರಗಳು ಒಮ್ಮೆಲೇ ಎದುರಾಗುತ್ತವೆ. ಬಾಗಿ ಗರ್ಜಿಸುವ ಯಾಂತ್ರಿಕ ಟೈರನೊಸಾರಸ್‌ಗೆ ಅಂಜಿ ಚಿಕ್ಕ ಮಕ್ಕಳು ಅಪ್ಪಂದಿರ ಕಾಲು ಹಿಡಿದುಕೊಳ್ಳುತ್ತಿದ್ದರು. ಆದರೆ ಮಗಳು ಹೆಚ್ಚು ಹೊತ್ತು ನಿಂತದ್ದು ಗಾಜಿನ ಗೋಡೆಯ ಕೋಣೆಯೊಂದರ ಮುಂದೆ. ಅದರೊಳಗೆ ಸಿಬ್ಬಂದಿಯೊಬ್ಬರು ಸೂಕ್ಷ್ಮ ಉಪಕರಣ ಹಿಡಿದು ಬಂಡೆಯಿಂದ ಎಲುಬೊಂದನ್ನು ಕಣಕಣವಾಗಿ ಬಿಡಿಸುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಆ ಕೆಲಸ ಮುಂದುವರಿದದ್ದು ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ; ಅವಳು ಅಲ್ಲಿಂದ ಕದಲಲೂ ಇಲ್ಲ.

ಈ ಸ್ಥಳವನ್ನು ನಾನು ಮೆಚ್ಚಿದ್ದು ಇದಕ್ಕೇ. ಮಗುವನ್ನು ರಂಜಿಸಿದರೆ ಸಾಕು, ತಿಳಿಸಬೇಕಾಗಿಲ್ಲ ಎಂಬ ತಾತ್ಸಾರ ಇಲ್ಲಿಲ್ಲ. ಕತ್ಸುಯಾಮಾದ ಕಿತಾದಾನಿ ಕಣಿವೆಯಲ್ಲಿ 1982ರಲ್ಲಿ ಮೊಸಳೆಯ ಪಳೆಯುಳಿಕೆ ಸಿಕ್ಕಿತು. 1988ರ ಪ್ರಾಥಮಿಕ ಶೋಧದಲ್ಲಿ ಡೈನೊಸಾರ್ ಎಲುಬುಗಳು ಕಂಡವು. ಮರುವರ್ಷ ವ್ಯವಸ್ಥಿತ ಉತ್ಖನನ ಆರಂಭವಾಯಿತು. ಸುಮಾರು 12 ಕೋಟಿ ವರ್ಷ ಹಳೆಯದಾದ ಆ ಬಂಡೆಗಳಲ್ಲಿ ದೊರೆತ ದೊಡ್ಡ ಉಗುರೊಂದನ್ನು ವಿಜ್ಞಾನಿಗಳು ಮೊದಲು ಕಾಲಿನದೆಂದು ತಿಳಿದಿದ್ದರು. ಅದು ಕೈಯ ಉಗುರೆಂದು ಆಮೇಲೆ ಗೊತ್ತಾಗಿ, ಫುಕುಯಿರ್ಯಾಪ್ಟರ್‌ನ ವಂಶವನ್ನೇ ಬೇರೆಯಾಗಿ ಗುರುತಿಸಬೇಕಾಯಿತು. ದೊಡ್ಡವರೂ ತಪ್ಪು ತಿಳಿದು ತಿದ್ದಿಕೊಳ್ಳುತ್ತಾರೆಂಬ ಸಂಗತಿ ಮಗಳಿಗೆ ಆ ದಿನದ ಅತ್ಯಂತ ದೊಡ್ಡ ಸುದ್ದಿಯಾಗಿತ್ತು.

ಹೋಗುವವರಿಗೆ ಒಂದೆರಡು ಮಾತು. ಪ್ರವೇಶದ ಸಮಯವನ್ನು ಅಂತರ್ಜಾಲದಲ್ಲಿ ಮುಂಚಿತವಾಗಿ ಕಾಯ್ದಿರಿಸಿಕೊಳ್ಳುವುದು ಕ್ಷೇಮ. ಜಪಾನಿನ ಬೇಸಿಗೆ ರಜೆಯಲ್ಲಿ ಜನಸಂದಣಿ ವಿಪರೀತ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಮೂಲಂಗಿ ತುರಿ ಹಾಕಿ ಬಡಿಸುವ ಎಚಿಜೆನ್ ಸೋಬಾ ಎಂಬ ನೂಡಲ್ಸ್ ಈ ಸೀಮೆಯ ಹೆಮ್ಮೆಯ ತಿನಿಸಾದರೂ, ಅದರ ಸಾರಿಗೆ ಸಾಮಾನ್ಯವಾಗಿ ಒಣಮೀನಿನ ರಸ ಬೆರೆತಿರುತ್ತದೆ. ನಾವು ಬೆಳಗ್ಗೆ ಕಲಸಿ ತಂದಿದ್ದ ನಿಂಬೆಹಣ್ಣಿನ ಚಿತ್ರಾನ್ನವನ್ನು ಹೊರಗಿನ ಬೆಂಚಿನಲ್ಲಿ ಕುಳಿತು ತಿಂದೆವು. ಪಾಚಿ ಹಾಸಿದ ಹೆಯಿಸೆಂಜಿ ದೇಗುಲದ ಕಾಡು ಇದೇ ಊರಿನಲ್ಲಿದೆ, ಆದರೆ ಅದಕ್ಕೆ ಇನ್ನೊಂದು ದಿನವೇ ಬೇಕು.

ಮಧ್ಯಾಹ್ನದ ಮೇಲೆ ಪಕ್ಕದ ಉದ್ಯಾನದಲ್ಲಿ ಮಕ್ಕಳೇ ಸುತ್ತಿಗೆ, ಉಳಿ ಹಿಡಿದು ಕಲ್ಲು ಒಡೆಯುವ ಜಾಗಕ್ಕೆ ಹೋದೆವು. ರಕ್ಷಣೆಯ ಕನ್ನಡಕ ತೊಟ್ಟು ಕುಳಿತ ಮಗಳಿಗೆ ಮುಕ್ಕಾಲು ಗಂಟೆ ಏನೂ ಸಿಗಲಿಲ್ಲ. ಕೊನೆಗೆ ಒಡೆದ ಒಂದು ಹೋಳಿನಲ್ಲಿ ಕಪ್ಪಗಿನ ಗೆರೆಯೊಂದು ಕಂಡಿತು. ಅಲ್ಲಿನ ಮಾರ್ಗದರ್ಶಕರು ಅದನ್ನು ಬೆಳಕಿಗೆ ಹಿಡಿದು, ಎರಡು ಸಲ ತಿರುಗಿಸಿ ನೋಡಿ, ಗಿಡದ ಅಚ್ಚು ಎಂದು ಸನ್ನೆಯಿಂದ ತಿಳಿಸಿದರು. ಮಗು ಕೊಟ್ಟ ಕಲ್ಲೆಂದು ಒಂದಿಷ್ಟೂ ಅವಸರ ಮಾಡಲಿಲ್ಲ.

ಮರಳುವ ರೈಲಿನಲ್ಲಿ ಕುಜುರ್ಯು ನದಿಯ ಮೇಲೆ ಕತ್ತಲು ಇಳಿಯುತ್ತಿತ್ತು. ಮಗಳು ತನ್ನ ಪುಸ್ತಕದಲ್ಲಿ ಬಾಗಿದ ಉಗುರೊಂದನ್ನು ಬಿಡಿಸಿ, ಅದರ ಕೆಳಗೆ ಕನ್ನಡದಲ್ಲಿ ದುಂಡಗೆ ಬರೆದಳು: "ಕೈಯದು, ಕಾಲಿನದಲ್ಲ."