ಕಲಬುರಗಿಯ ಬಿಸಿಲು, ಮಳೆ ಮತ್ತು ಸಿಗಾರ್ ಪೆಟ್ಟಿಗೆ

ಮೇ, ಮೂರನೆಯ ವಾರ

ಸಿಗಾರ್ ಕಾಪಿಡುವ ಹ್ಯುಮಿಡಾರ್ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಬಹಳಷ್ಟು, ಬೇಸಿಗೆ ಎಂದರೆ ತೇವದ ಕಾಲ ಎನ್ನುವ ದೇಶಗಳವು. ಕಲಬುರಗಿಯ ಬೇಸಿಗೆ ಅಂಥದ್ದಲ್ಲ. ಹೊರಗೆ 42 ಡಿಗ್ರಿ ದಾಟಿದ ಮಧ್ಯಾಹ್ನ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಆದರೂ ನನ್ನ ಪೆಟ್ಟಿಗೆಯೊಳಗಿನ ಹೈಗ್ರೋಮೀಟರ್, ಅಂದರೆ ತೇವದ ಮಾಪಕ, ಈ ವಾರ ಶೇ 76 ತೋರಿಸುತ್ತಿದೆ. ಇರಬೇಕಾದದ್ದು 65ರಿಂದ 70.

ಮೊದಲು ಮಾಪಕವನ್ನೇ ಪರೀಕ್ಷಿಸಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ಹೋಗದಂತೆ ಕೆಲವೇ ಹನಿ ನೀರಿನಲ್ಲಿ ಒದ್ದೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ಹಗಲು, ಒಂದು ರಾತ್ರಿ ಮುಚ್ಚಿಟ್ಟೆ. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ 75ರಲ್ಲಿ ನಿಲ್ಲುತ್ತದೆ. ಕೋಣೆಯ ಉಷ್ಣಾಂಶ ಸ್ವಲ್ಪ ಹೆಚ್ಚು ಕಡಿಮೆಯಾದರೂ ಅದು ಅಷ್ಟಾಗಿ ಕದಲುವುದಿಲ್ಲ. ನನ್ನ ಮಾಪಕ 77 ಎಂದಿತು. ಅಂದರೆ ಎರಡು ಅಂಕ ಕಳೆಯಬೇಕು. ಕಳೆದರೂ 74 ಉಳಿಯುತ್ತದೆ, ಅದು ಹೆಚ್ಚೇ.

ಕಾರಣ ಕಿಟಕಿಯಲ್ಲಿರುವ ಕೂಲರ್. ಅದು ತಂಪು ಕೊಡುವುದೇ ನೀರನ್ನು ಆವಿ ಮಾಡಿ, ಆ ಆವಿಯನ್ನು ಕೋಣೆಗೆ ತಳ್ಳಿ. ಮರದ ಪೆಟ್ಟಿಗೆಯ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ದಿನಗಟ್ಟಲೆ ಅಂಥ ಗಾಳಿಯಲ್ಲಿದ್ದರೆ ಒಳಗೂ ತೇವ ಏರುತ್ತದೆ. ಲಾವಂಚದ ಪ್ಯಾಡ್ ಇದ್ದರೆ ಇನ್ನೊಂದು ತೊಂದರೆ: ತಂಬಾಕಿನ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಲಾವಂಚದ ಪರಿಮಳ ನನಗೆ ಪ್ರಿಯ, ಆದರೆ ಅದು ಸಿಗಾರಿನಲ್ಲಿ ಬೇಡ. ಪೆಟ್ಟಿಗೆಯನ್ನು ಕೂಲರ್ ಇಲ್ಲದ ಒಳಕೋಣೆಯ ಗೋಡೆ ಕಪಾಟಿಗೆ ಸಾಗಿಸಿದೆ.

ಮೇ ಕೊನೆ

ತೇವ 68ಕ್ಕೆ ಇಳಿದಿದೆ. ಈಗ ಶಾಖದ ಚಿಂತೆ. ಒಳಕೋಣೆಯಲ್ಲೂ 32 ಡಿಗ್ರಿ ಇದೆ. ತಂಬಾಕಿನ ಹುಳುವಿಗೆ ಶಾಖ, ತೇವ ಎರಡೂ ಬೇಕು. ಎಲೆಯೊಳಗೆ ಮೊದಲೇ ಇದ್ದ ಮೊಟ್ಟೆ ಇಂಥ ವಾತಾವರಣದಲ್ಲಿ ಮರಿಯಾಗುತ್ತದೆ. 24 ಡಿಗ್ರಿಯೊಳಗೆ ಇಡಿ ಎನ್ನುವುದು ಎಲ್ಲರೂ ಹೇಳುವ ನಿಯಮ. ಎಸಿ ಇಲ್ಲದ ಮನೆಯಲ್ಲಿ ಅದು ಆಗದ ಮಾತು. ಹಾಗಾಗಿ ತೇವವನ್ನಾದರೂ ತಗ್ಗಿಸೋಣವೆಂದು, ತೇವವನ್ನು ಶೇ 69ರಲ್ಲಿ ಹಿಡಿದಿಡುವ ಬೊವೇಡಾ ಪೊಟ್ಟಣ ತೆಗೆದು 65ರದ್ದನ್ನು ಇಟ್ಟೆ. ಇದೇ ಹುಳು ಅರಿಶಿನ, ಕೊತ್ತಂಬರಿ ಬೀಜದ ಡಬ್ಬಿಗಳಲ್ಲೂ ಬೀಳುತ್ತದೆ. ಸಿಗಾರ್ ಪೆಟ್ಟಿಗೆಯನ್ನು ಅಡುಗೆಮನೆಯ ಹತ್ತಿರ ಸುಳಿಯಗೊಡಬೇಡಿ. ಹೊಸದಾಗಿ ತಂದವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಫ್ರೀಜರಿನಲ್ಲಿ, ಆಮೇಲೆ ಒಂದು ದಿನ ಫ್ರಿಜ್ಜಿನಲ್ಲಿ ಇಟ್ಟೇ ಪೆಟ್ಟಿಗೆಗೆ ಸೇರಿಸುತ್ತೇನೆ. ನೇರವಾಗಿ ಹೊರತೆಗೆದರೆ ಮೇಲಿನ ಎಲೆ ಬಿರಿಯುವ ಭಯವಿದೆ.

ಜೂನ್, ಮಳೆ ಹಿಡಿದ ಮೇಲೆ

ಕೂಲರ್ ನಿಂತಿದೆ, ಆದರೆ ಈಗ ಊರಿನ ಗಾಳಿಯೇ ಒದ್ದೆ. ಪೆಟ್ಟಿಗೆಯಲ್ಲಿ ಮತ್ತೆ 72. ಈ ಸಲ ಕಾರಣ ಕಪಾಟಿನ ಕೆಳಗಿನ ಅರೆ. ನಮ್ಮದು ಶಹಾಬಾದ್ ಕಲ್ಲು ಹಾಸಿದ ಹಳೆಯ ಮನೆ. ನೆಲಕ್ಕೆ ಹತ್ತಿರವಿದ್ದಷ್ಟೂ ತಂಪು ಹೆಚ್ಚು. ತಂಪಾದರೆ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ನೋಡಿ: ಒಂದು ಘನ ಮೀಟರ್ ಗಾಳಿಯಲ್ಲಿ 18 ಗ್ರಾಂ ಆವಿ ಇದ್ದರೆ 30 ಡಿಗ್ರಿಯಲ್ಲಿ ಸಾಪೇಕ್ಷ ತೇವಾಂಶ (ಗಾಳಿ ಹಿಡಿಯಬಲ್ಲ ಆವಿಯಲ್ಲಿ ಈಗಿರುವ ಪಾಲು) ಸುಮಾರು ಶೇ 60. ತಂಪು ಗಾಳಿ ಹಿಡಿಯಬಲ್ಲ ಆವಿಯೇ ಕಡಿಮೆ, ಹಾಗಾಗಿ ಅದೇ ಗಾಳಿ 26 ಡಿಗ್ರಿಗೆ ಇಳಿದರೆ ಸುಮಾರು ಶೇ 74. ಒಂದು ಹನಿ ನೀರೂ ಹೊಸದಾಗಿ ಸೇರಿಲ್ಲ! ಪೆಟ್ಟಿಗೆಯನ್ನು ಎರಡು ಅರೆ ಮೇಲಕ್ಕೆ ಏರಿಸಿದೆ, 70ಕ್ಕೆ ಬಂತು.

ಜುಲೈ

ಮಳೆ ಬಿಡುವು ಕೊಟ್ಟ ದಿನ ಸಿಗಾರ್‌ಗಳನ್ನು ಬಿಗಿ ಡಬ್ಬಿಗೆ ವರ್ಗಾಯಿಸಿ, ಪೆಟ್ಟಿಗೆಯ ಒಳತಟ್ಟೆಗಳನ್ನು ಮಾಳಿಗೆಯ ನೆರಳಿನಲ್ಲಿ ಗಾಳಿಗೆ ಇಟ್ಟೆ. ಅವು ಸ್ಪ್ಯಾನಿಷ್ ಸೀಡರ್ ಹಲಗೆಗಳು. ಹೆಸರಿನಲ್ಲಿ ಸೀಡರ್ ಇದ್ದರೂ ಆ ಮರ ನಮ್ಮ ಬೇವಿನ ಕುಟುಂಬದ್ದು. ನೀರನ್ನು ಹೀರಿ ನಿಧಾನವಾಗಿ ಬಿಡುವ ಗುಣ ಅದಕ್ಕಿದೆ. ಅದಕ್ಕೇ ಮಳೆಗಾಲದಲ್ಲಿ ಒಮ್ಮೆ ಅದರ ಹೊರೆ ಇಳಿಸಬೇಕು. ಪೊಟ್ಟಣವೂ ಉಬ್ಬಿ, ಒಳಗೆ ತೆಳ್ಳಗೆ ನೀರಾಗಿತ್ತು, ಹೊಸದು ಹಾಕಿದೆ. ಜೊತೆಗೆ ಸಿಲಿಕಾ ಜೆಲ್ ಹಾಕಿಲ್ಲ. ಪೊಟ್ಟಣ ತೇವವನ್ನು ಕೊಡಲೂ ಬಲ್ಲದು, ತೆಗೆದುಕೊಳ್ಳಲೂ ಬಲ್ಲದು. ಸಾಮಾನ್ಯ ಸಿಲಿಕಾ ಬರೀ ಹೀರುತ್ತದೆ. ಎರಡನ್ನೂ ಒಟ್ಟಿಗಿಟ್ಟರೆ ಪೊಟ್ಟಣ ಕೊಟ್ಟದ್ದೆಲ್ಲ ಸಿಲಿಕಾದ ಹೊಟ್ಟೆಗೆ.

ಬೂಷ್ಟು ಎಲ್ಲೂ ಕಾಣಲಿಲ್ಲ. ತುದಿಗಳನ್ನು ಟಾರ್ಚ್ ಹಿಡಿದು ಒಂದೊಂದಾಗಿ ನೋಡಿದೆ, ಏಕೆಂದರೆ ಹತ್ತಿಯಂಥ ಬಿಳಿ ಚುಕ್ಕೆ ಮೊದಲು ಅಲ್ಲಿ ಕಾಣಿಸಿಕೊಂಡರೆ ಒಳಗಿನ ಎಲೆಗೂ ತಗಲಿರುವ ಸಾಧ್ಯತೆ ಇದೆ; ಮೇಲೆ ಒರೆಸಿ ಪ್ರಯೋಜನವಿಲ್ಲ.

ಇಂದು ಶೇ 66, 28 ಡಿಗ್ರಿ. ಸೆಪ್ಟೆಂಬರ್ ಮಳೆ ಮುಗಿಯುವವರೆಗೆ 65ರ ಪೊಟ್ಟಣವೇ ಇರುತ್ತದೆ. ನವೆಂಬರಿನ ಒಣಗಾಳಿ ಶುರುವಾದಾಗ ಮತ್ತೆ 69ಕ್ಕೆ ಮರಳುತ್ತೇನೆ, ಆಗ ಕೆಳಗಿನ ಅರೆಯೇ ಒಳ್ಳೆಯ ಜಾಗ ಆಗಬಹುದು.