ಕೈಲ್‌ಪೊಳ್ದಿನಿಂದ ಹುತ್ತರಿಗೆ: ಕೋವಿ ಸದ್ದಿಗೆ ನಾಯಿಯನ್ನು ಪಳಗಿಸುವ ಲಾಗ್

ಗುರಿ ಇಷ್ಟೇ: ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಗುಂಡು ಹಾರಿದಾಗ ನಾಯಿ ಮಂಚದಡಿ ನುಗ್ಗಬಾರದು. ಸೆಪ್ಟೆಂಬರಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಶುರು ಮಾಡಿದರೆ ಸುಮಾರು 12 ವಾರ ಸಿಗುತ್ತದೆ. ತೋಟದ ನಾಟಿ ಹೆಣ್ಣುನಾಯಿ, 4 ವರ್ಷ.

ವಾರ 1–2: ಮೊದಲು ವೆಟ್ (ಪಶುವೈದ್ಯರು). ಕೀಲುನೋವಿರುವ ನಾಯಿ ಬೆಚ್ಚಿದಾಗ ಮೈ ಬಿಗಿದು ನೋವು ಕೆರಳುತ್ತದೆ, ಆ ನೋವು ಸದ್ದಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಸೊಂಟ, ಮೊಣಕಾಲು ಸರಿಯಿದೆ. ಆಮೇಲೆ ಫೋನಿನಲ್ಲಿ ಗುಂಡಿನ ಸದ್ದು, ಕೇಳಿಸಿತೋ ಇಲ್ಲವೋ ಅನ್ನುವಷ್ಟು. ಸದ್ದಾದ ಒಂದು ಸೆಕೆಂಡಿನೊಳಗೆ ಬಟಾಣಿ ಗಾತ್ರದ ಬೇಯಿಸಿದ ಕೋಳಿ. ದಿನಕ್ಕೆ 5 ನಿಮಿಷ, ಹತ್ತು ಸದ್ದು, ನಡುವಿನ ಅಂತರ ಏರುಪೇರು. ಕೋಳಿ ಮೊದಲು ಬಂದರೆ ಕೆಲಸ ಕೆಟ್ಟಿತು: ಕೋಳಿ ಕಂಡರೇ ಬೆದರುವುದನ್ನು ನಾಯಿ ಕಲಿಯುತ್ತದೆ. ಪಂದಿಕರಿಯ (ಹಂದಿಮಾಂಸದ ಸಾರು) ತುಂಡು ಬೇಡವೇ ಬೇಡ, ಅದರ ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ.

ವಾರ 3–4: ಫೋನಿನ ಪೂರ್ತಿ ವಾಲ್ಯೂಮಿಗೂ ಅಲುಗಾಟವಿಲ್ಲ. ಸುಳ್ಳು ಪಾಸು. ಪಕ್ಕದ ತೋಟದಲ್ಲಿ ಆನೆ ಓಡಿಸಲು ಪಟಾಕಿ ಹಾಕಿದರು. ನಡುಕ, ಜೊಲ್ಲು, ಬಾಲ ಹೊಟ್ಟೆಯಡಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಎದೆಗೆ ಬಡಿಯುವ ‘ಧಂ’ ಬರುವುದೇ ಇಲ್ಲ, ಬರೀ ‘ಟಪ್’.

ವಾರ 5–9: ಮೂರು ದಿನ ಪೂರಾ ರಜೆ. ನಂತರ ವೂಫರ್ (ಆಳದ ‘ಧಂ’ ಹೊರಡಿಸುವ ಭಾಗ) ಇರುವ ಸ್ಪೀಕರ್ ಕಾಫಿ ಕಣದಾಚೆ, 20 ಮೀಟರ್ ದೂರದಲ್ಲಿ. ಅಲ್ಲಿಂದ 10, ಆಮೇಲೆ 5. ದೂರ ಅರ್ಧವಾದರೆ ಬಯಲಿನಲ್ಲಿ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಹಾಗಾಗಿ ಹತ್ತಿರ ತರುವ ದಿನ ವಾಲ್ಯೂಮ್ ಇಳಿಸಲೇಬೇಕು. ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಕೋಳಿ ಬೇಡ ಅನ್ನುವುದು ಕಂಡರೆ ಅಂದಿಗೆ ಮುಗಿಸಿ, ಮಾರನೆಯ ದಿನ ಒಂದು ಹೆಜ್ಜೆ ಹಿಂದೆ. ಎಂಟನೇ ವಾರ ಬೇಕಾದದ್ದು ಕಂಡಿತು: ‘ಧಂ’ ಅಂದೊಡನೆ ಒಂದು ಕಿವಿ ಕಣದತ್ತ ತಿರುಗಿತು, ಮೂಗು ಕೈಯತ್ತ ಬಂತು.

ವಾರ 10: ವೆಟ್ ಬರೆದ, ಆತಂಕ ತಗ್ಗಿಸುವ ಟ್ರಾಜೋಡೋನ್ ಮಾತ್ರೆಯನ್ನು ಸದ್ದಿಲ್ಲದ ದಿನವೇ ಕೊಟ್ಟು ನೋಡಿದ್ದು. ಕೆಲವು ನಾಯಿ ಮಾತ್ರೆಗೆ ಮಂಕಾಗುವ ಬದಲು ಚಡಪಡಿಸುತ್ತವೆ, ಅದು ಹಬ್ಬದ ರಾತ್ರಿ ಗೊತ್ತಾಗಬಾರದು. ಏಸ್‌ಪ್ರೊಮಜೀನ್ ಎಂಬ ಮಂಪರು ಮಾತ್ರೆ ಒಂದನ್ನೇ ಕೊಡುವುದು ಬೇಡ: ಮೈ ಜೋಲುತ್ತದೆ, ಭಯ ಹಾಗೇ ಉಳಿಯುತ್ತದೆ.

ಹುತ್ತರಿ: ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಕದಿರು ತೆಗೆಯುವ ಮುಹೂರ್ತ ಮೊದಲೇ ನಿಗದಿಯಾಗುವುದು ದೊಡ್ಡ ಅನುಕೂಲ. ಗಡಿಯಾರ ನೋಡಿ ಎರಡು ಗಂಟೆ ಮುಂಚೆ ಮಾತ್ರೆ. ಕತ್ತಲಾಗುವ ಮೊದಲೇ ಹೊರಗೆ ಸುತ್ತಾಡಿಸಿ ಒಳಕೋಣೆಗೆ. ಕಿಟಕಿಗೆ ಕಂಬಳಿ, ಫ್ಯಾನ್ ಜೋರು, ಕೊರಳಪಟ್ಟಿಯಲ್ಲಿ ಫೋನ್ ನಂಬರ್. ಸವರಿದರೆ ಭಯ ಹೆಚ್ಚುತ್ತದೆ ಅನ್ನುವುದು ಬರೀ ಮಾತು, ಪಕ್ಕಕ್ಕೆ ಬಂದರೆ ಸವರಬಹುದು.

ಮೊದಲ ಗುಂಡಿಗೆ ತಿನ್ನುವುದು ನಿಂತಿತು, ಎರಡನೆಯದಕ್ಕೆ ಮತ್ತೆ ಶುರು. ಪಟಾಕಿ ಸರಕ್ಕೆ ಮೂಲೆ ಸೇರಿ ನಾಲ್ಕು ನಿಮಿಷದಲ್ಲಿ ವಾಪಸ್.

ಬಾಕಿ: ಆನೆ ಪಟಾಕಿಗೆ ಮುಹೂರ್ತವಿಲ್ಲ. ಅಭ್ಯಾಸವೆಲ್ಲ ಹಗಲಲ್ಲೇ ಆಗಿದೆ. ಮುಂದಿನ ವಾರ ಸ್ಪೀಕರ್ ಕತ್ತಲಾದ ಮೇಲೆ, ಗಿಡಗಳ ನಡುವೆ, ಮತ್ತೆ 20 ಮೀಟರಿನಿಂದ.