ನ್ಯೂಜಿಲೆಂಡಿನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿಯುವ ಮುನ್ನ

ಏಪ್ರಿಲ್ ತಿಂಗಳ ಶಾಲಾ ರಜೆಯಲ್ಲಿ ನಾನು, ನನ್ನ ಪತ್ನಿ, ಹನ್ನೊಂದು ವರ್ಷದ ಮಗಳು ಮತ್ತು ಎಪ್ಪತ್ತರ ಆಸುಪಾಸಿನ ನನ್ನ ತಂದೆ ತಾಯಿ, ಒಟ್ಟು ಐವರು, ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಬಾಡಿಗೆಯ ಕ್ಯಾಂಪರ್‌ವ್ಯಾನಿನಲ್ಲಿ ಹದಿನಾಲ್ಕು ದಿನ ಸುತ್ತಿ ಬಂದೆವು. ಕ್ರೈಸ್ಟ್‌ಚರ್ಚಿನಿಂದ ಹೊರಟು ಟೆಕಪೊ ಸರೋವರ, ಔರಾಕಿ ಪರ್ವತದ ತಪ್ಪಲು, ಲಿಂಡಿಸ್ ಪಾಸ್, ಟೆ ಅನೌ, ಮಿಲ್‌ಫರ್ಡ್ ಸೌಂಡ್, ಅಲ್ಲಿಂದ ಹಿಂದಿರುಗಿ ವಾನಾಕದ ಮೇಲಿನಿಂದ ಹಾಸ್ಟ್, ಪಶ್ಚಿಮ ಕರಾವಳಿ, ಕೊನೆಗೆ ಆರ್ಥರ್ಸ್ ಪಾಸ್ ದಾಟಿ ಮತ್ತೆ ಕ್ರೈಸ್ಟ್‌ಚರ್ಚಿಗೆ ಬಂದು ಸೇರಿದ್ದು ನಮ್ಮ ದಾರಿ. ನೋಡಬೇಕಾದ ಸ್ಥಳಗಳ ವಿವರ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಹಗಲು ಓಡಿಸಿ ರಾತ್ರಿ ಮಲಗುವ ಆ ವಾಹನದ ಒಳಗಿನ ಬದುಕು ಹೇಗಿರುತ್ತದೆ ಎಂಬುದನ್ನು ನಮಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಆದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಕಾಯ್ದಿರಿಸಿದ್ದು ಆರು ಜನ ಮಲಗಬಹುದಾದ ವಾಹನ. ಐವರಿಗೆ ಆರು ಜನರ ಜಾಗ ಧಾರಾಳವೆಂದೇ ಭಾವಿಸಿದ್ದೆವು. ಚಾಲಕನ ಆಸನದ ನೆತ್ತಿಯ ಮೇಲೆ ಒಂದು ಹಾಸಿಗೆ, ಮಧ್ಯದ ಊಟದ ಮೇಜನ್ನು ಕೆಳಗಿಳಿಸಿದರೆ ಇನ್ನೊಂದು, ಹಿಂಭಾಗದ ಸೋಫಾಗಳ ನಡುವೆ ಹಲಗೆ ಜೋಡಿಸಿದರೆ ಮತ್ತೊಂದು. ಮೊದಲ ರಾತ್ರಿ ಟೆಕಪೊದಲ್ಲಿ ಹಲಗೆ, ದಿಂಬು, ಹೊದಿಕೆಗಳನ್ನು ಹೊಂದಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಹಾಸಿಗೆಗಳೆಲ್ಲ ಸಿದ್ಧವಾದ ಮೇಲೆ ವಾಹನದಲ್ಲಿ ಒಬ್ಬರು ಕೂರಲು ಸಹ ಜಾಗವಿಲ್ಲ ಎಂಬುದು ಆಗಲೇ ತಿಳಿದದ್ದು. ತಂದೆ ಒಂಬತ್ತಕ್ಕೆ ಮಲಗುವವರು. ಅವರು ಮಲಗಿದರೆಂದರೆ ಉಳಿದ ನಾಲ್ವರೂ ಮಲಗಲೇಬೇಕು. ಟೆಕಪೊ ಇರುವುದು 2012ರಲ್ಲಿ ಘೋಷಿತವಾದ ಔರಾಕಿ ಮೆಕೆಂಝಿ ಅಂತರರಾಷ್ಟ್ರೀಯ ಕಗ್ಗತ್ತಲ ಆಕಾಶ ಮೀಸಲು ಪ್ರದೇಶದೊಳಗೆ. ಮಗಳನ್ನು ನಡುರಾತ್ರಿ ಎಬ್ಬಿಸಿ ಆ ನಕ್ಷತ್ರಗಳನ್ನು ತೋರಿಸಬೇಕೆಂಬ ಆಸೆ ನನಗಿತ್ತು. ಅವಳು ಮೇಲಿನ ಹಾಸಿಗೆಯಿಂದ ಏಣಿಯಲ್ಲಿ ಇಳಿಯಬೇಕಾದರೆ ಅಜ್ಜಿಯ ಕಾಲ ಬಳಿಯೇ ಇಳಿಯಬೇಕು, ದೀಪ ಹಾಕಿದರೆ ಇಡೀ ವಾಹನವೇ ಬೆಳಗುತ್ತದೆ. ಪ್ರತಿ ಹಾಸಿಗೆಗೂ ಕೈಗೆಟಕುವ ಪ್ರತ್ಯೇಕ ಸ್ವಿಚ್ಚು ಮತ್ತು ನೆಲಮಟ್ಟದಲ್ಲಿ ಒಂದು ಮಂದ ದೀಪ ಇದ್ದಿದ್ದರೆ ಸಾಕಿತ್ತು. ಎರಡನೆಯ ದಿನವೇ ತಲೆಗೆ ಕಟ್ಟಿಕೊಳ್ಳುವ ಎರಡು ದೀಪಗಳನ್ನು ಕೊಂಡೆವು; ನೀವು ಊರಿನಿಂದಲೇ ತಂದುಕೊಳ್ಳಿ.

ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಈ ವಾಹನಗಳನ್ನು ರೂಪಿಸುವವರು ಎಷ್ಟು ಜನ ಮಲಗಬಹುದು ಎಂದು ಲೆಕ್ಕ ಹಾಕುತ್ತಾರೆಯೇ ಹೊರತು ಎಷ್ಟು ಜನ ಎಚ್ಚರವಾಗಿದ್ದುಕೊಂಡು ಒಳಗಿರಬಹುದು ಎಂದು ಲೆಕ್ಕ ಹಾಕುವುದಿಲ್ಲ. ಹಾಸ್ಟಿನಲ್ಲಿ ಮಳೆ ಹಿಡಿದ ದಿನ ಇದರ ಪೂರ್ತಿ ಅರ್ಥವಾಯಿತು. ದ್ವೀಪದ ಪಶ್ಚಿಮ ಭಾಗದ ಮಳೆ ನಮ್ಮ ಮಲೆನಾಡಿನ ಮಳೆಯ ಸೋದರ. ಮಿಲ್‌ಫರ್ಡ್ ಸೌಂಡಿನಲ್ಲಿ ವರ್ಷಕ್ಕೆ 6000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ ಎಂದರೆ ಆಗುಂಬೆಯನ್ನು ಬಲ್ಲವರಿಗೆ ಬೇರೆ ವಿವರಣೆ ಬೇಕಾಗಲಾರದು. ಬೆಳಗಿನಿಂದ ಸಂಜೆಯವರೆಗೆ ಐವರೂ ಒಳಗೇ ಕಳೆದೆವು. ಒದ್ದೆಯಾದ ಮಳೆ ಅಂಗಿ, ಬೂಟುಗಳನ್ನು ಇಡಲು ಬಾಗಿಲ ಬಳಿ ಒಂದು ತಟ್ಟೆಯಷ್ಟು ಜಾಗವೂ ಇರಲಿಲ್ಲವಾದ್ದರಿಂದ ಅವು ಶೌಚಾಲಯದೊಳಗೆ ಸೇರಿದವು, ಶೌಚಾಲಯಕ್ಕೆ ಹೋಗುವವರು ಪ್ರತಿ ಸಲ ಅವನ್ನು ಹೊರಗೆ ತೆಗೆಯಬೇಕಾಯಿತು. ಬಾಗಿಲಿನ ಪಕ್ಕದಲ್ಲಿ ನೀರು ಇಳಿದುಹೋಗುವ ತಳವಿರುವ, ಹೀಟರಿನ ಬಿಸಿಗಾಳಿ ಹಾಯುವ ಒಂದು ಕಿರಿದಾದ ಕಪಾಟು, ಮತ್ತು ಹಗಲೂ ರಾತ್ರಿ ಬಿಚ್ಚದೆ ಹಾಗೆಯೇ ಇರುವ ಒಂದು ಶಾಶ್ವತ ಹಾಸಿಗೆ, ಈ ಎರಡಕ್ಕಾಗಿ ನಾನು ಆರನೆಯವರ ಮಲಗುವ ಜಾಗವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಹಿರಿಯರನ್ನು ಕರೆದೊಯ್ಯುವವರು ಶಾಶ್ವತ ಹಾಸಿಗೆ ಇರುವ ವಾಹನವನ್ನೇ ಕೇಳಿ ಪಡೆಯಿರಿ. ಕಾಯ್ದಿರಿಸುವ ಮೊದಲು ಎಲ್ಲ ಹಾಸಿಗೆ ಹಾಸಿದ ಸ್ಥಿತಿಯ ಚಿತ್ರವನ್ನು ಕಳಿಸುವಂತೆ ಒತ್ತಾಯಿಸಿ, ಏಕೆಂದರೆ ಜಾಹೀರಾತಿನ ಚಿತ್ರಗಳಲ್ಲಿ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಇರುವ ಹಗಲಿನ ರೂಪ ಮಾತ್ರ ಕಾಣುತ್ತದೆ.

ಶೌಚದ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಅಲ್ಲಿ ಅನುಮತಿಸಿದ ಜಾಗಗಳಲ್ಲಿ ಹಣ ಕೊಡದೆ ತಂಗುವುದಕ್ಕೆ ಫ್ರೀಡಂ ಕ್ಯಾಂಪಿಂಗ್ ಎನ್ನುತ್ತಾರೆ. ಅಂತಹ ಬಹುತೇಕ ಕಡೆ ವಾಹನವು ಮೂರು ದಿನ ತನ್ನ ನೀರು ಮತ್ತು ತ್ಯಾಜ್ಯವನ್ನು ತಾನೇ ಹೊತ್ತುಕೊಳ್ಳಬಲ್ಲ ಸೆಲ್ಫ್ ಕಂಟೇನ್ಡ್ ವಾಹನವಾಗಿರಬೇಕು. 2023ರ ಕಾಯ್ದೆಯ ನಂತರ ಶೌಚಾಲಯವು ವಾಹನಕ್ಕೆ ಭದ್ರವಾಗಿ ಜೋಡಿಸಿದ್ದಾಗಿರಬೇಕು. ಆದ್ದರಿಂದ ವಾಹನ ಸೆಲ್ಫ್ ಕಂಟೇನ್ಡ್ ಎಂದು ಪ್ರಮಾಣೀಕರಿಸುವ ಹಸಿರು ವಾರಂಟ್ ಇದೆಯೇ ಎಂದು ನೋಡಿಕೊಳ್ಳಿ. ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು, ಅಂದರೆ ಮೂರು ದಿನಕ್ಕೆ 12 ಲೀಟರ್ ಸಾಕು. ಕಾಗದದ ಬದಲು ನೀರು ಬಳಸುವ ನಮ್ಮಂಥವರಿಗೆ ಈ ಲೆಕ್ಕ ಹೊಂದುವುದಿಲ್ಲ. ಶೌಚಾಲಯದ ಕೆಳಗಿರುವ, ಹೊರಗೆ ಎಳೆದು ಖಾಲಿ ಮಾಡುವ ಕ್ಯಾಸೆಟ್ ಎಂಬ ಪೆಟ್ಟಿಗೆಗೆ ಹಿಡಿಯುವುದು ಸುಮಾರು 18ರಿಂದ 20 ಲೀಟರ್. ಐವರು ನೀರು ಬಳಸಿದರೆ ಅದು ಒಂದೂವರೆ ದಿನದಲ್ಲಿ ತುಂಬುತ್ತದೆ. ಬಹುತೇಕ ತುಂಬಿದ ಮೇಲೆ ಒಂದು ಕೆಂಪು ದೀಪ ಹೊತ್ತಿಕೊಳ್ಳುವುದನ್ನು ಬಿಟ್ಟರೆ ಒಳಗೆ ಎಷ್ಟಿದೆ ಎಂದು ತಿಳಿಯುವ ಉಪಾಯವೇ ಇಲ್ಲ, ಆ ದೀಪ ನಮಗೆ ಹೊತ್ತಿಕೊಂಡಿದ್ದು ನಡುರಾತ್ರಿಯಲ್ಲಿ. ಅರ್ಧ, ಮುಕ್ಕಾಲು ಎಂದು ತೋರಿಸುವ ಸರಳ ಮಾಪಕವೊಂದು, ಜೊತೆಗೆ ಇನ್ನೊಂದು ಖಾಲಿ ಕ್ಯಾಸೆಟ್ ಇಡಲು ಜಾಗ, ಇಷ್ಟನ್ನು ತಯಾರಕರು ಕೊಡಬೇಕು. ಅಲ್ಲಿಯವರೆಗೆ ನಾವು ಪಾಲಿಸಿದ ಕ್ರಮ ಇದು: ಪ್ರತಿದಿನ ಬೆಳಿಗ್ಗೆ ಮೊದಲ ಕೆಲಸವಾಗಿ, ವಾಹನಗಳ ತ್ಯಾಜ್ಯ ಸುರಿಯಲೆಂದೇ ಇರುವ ಡಂಪ್ ಸ್ಟೇಷನ್ನಿನಲ್ಲಿ ಕ್ಯಾಸೆಟ್ಟನ್ನು ಖಾಲಿ ಮಾಡುವುದು, ಹಗಲೆಲ್ಲ ದಾರಿಯ ಸಾರ್ವಜನಿಕ ಶೌಚಾಲಯಗಳನ್ನು ಬಳಸುವುದು. ನಾವು ಬಳಸಿದ ಸಣ್ಣ ಊರುಗಳ ಶೌಚಾಲಯಗಳು ಶುಚಿಯಾಗಿಯೇ ಇದ್ದವು. ಒಂದು ಸಣ್ಣ ಮಗ್ಗನ್ನು ಮರೆಯದೆ ಒಯ್ಯಿರಿ.

ಅಡುಗೆಮನೆಯ ಕಷ್ಟ ಬೇರೆ ತರಹದ್ದು. ಗ್ಯಾಸ್ ಒಲೆಯ ಉರಿ ಚೆನ್ನಾಗಿತ್ತು, ಆದರೆ ಒಲೆ ಹಾಸಿಗೆಗೆ ಅಂಟಿಕೊಂಡಿತ್ತು, ಹೊಗೆ ಸೆಳೆಯುವ ಫ್ಯಾನು ಒಲೆಯ ಮೇಲಿರದೆ ವಾಹನದ ಮಧ್ಯದ ಛಾವಣಿಯಲ್ಲಿತ್ತು. ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದ ಕೂಡಲೇ ಹೊಗೆ ಎಚ್ಚರಿಕೆಯ ಗಂಟೆ ಕೂಗುತ್ತಿತ್ತು, ಕುಕ್ಕರಿನ ಎರಡು ವಿಶಲ್ಲಿಗೆ ಗಾಜುಗಳೆಲ್ಲ ಬೆವರುತ್ತಿದ್ದವು. ಹೊರಬದಿಯಲ್ಲಿ ಬಾಗಿಲು ತೆರೆದು ಎಳೆದುಕೊಳ್ಳಬಹುದಾದ ಒಂದು ಒಲೆ ಮತ್ತು ಮಡಚುವ ಹಲಗೆ ಇರುವ ವಾಹನಗಳೂ ಇವೆ. ನಮ್ಮ ಅಡುಗೆಗೆ ಅದೇ ಸರಿ. ಅದು ಸಿಗದಿದ್ದರೆ ಎರಡು ದಿನಕ್ಕೊಮ್ಮೆಯಾದರೂ ಸಾಮೂಹಿಕ ಅಡುಗೆಮನೆ ಇರುವ ಹಾಲಿಡೇ ಪಾರ್ಕಿನಲ್ಲಿ ತಂಗಿ, ಸಾರು, ಪಲ್ಯಗಳನ್ನು ಅಲ್ಲಿ ಮಾಡಿಕೊಂಡು, ವಾಹನದಲ್ಲಿ ಅನ್ನ ಮಾತ್ರ ಬೇಯಿಸಿಕೊಳ್ಳುವುದು ಒಳ್ಳೆಯದು. ವಿದ್ಯುತ್ ಒಲೆ ಒಯ್ಯುವ ಯೋಚನೆ ಬಿಡಿ: ವಿದ್ಯುತ್ ಸಂಪರ್ಕವಿಲ್ಲದ ಜಾಗದಲ್ಲಿ ಎಲ್ಲವೂ 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯಬೇಕು. 100 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯಿಂದ ಅದಕ್ಕೆ ಹಾನಿಯಾಗದಂತೆ ಪಡೆಯಬಹುದಾದದ್ದು 600 ವಾಟ್ ಗಂಟೆಯಷ್ಟು ಮಾತ್ರ. ಅದು ಫ್ರಿಜ್ಜು, ನೀರಿನ ಪಂಪು, ಹೀಟರಿನ ಫ್ಯಾನುಗಳಿಗೇ ಬೇಕಾಗುತ್ತದೆ.

ಆಹಾರ ಪದಾರ್ಥಗಳನ್ನು ವಿಮಾನ ನಿಲ್ದಾಣದಲ್ಲಿ ಕಡ್ಡಾಯವಾಗಿ ಘೋಷಿಸಬೇಕೆಂಬುದು ಹಲವರಿಗೆ ಗೊತ್ತು. ಬಳಸಿದ ಟೆಂಟು ಮತ್ತು ಚಾರಣದ ಬೂಟುಗಳನ್ನೂ ಘೋಷಿಸಬೇಕೆಂಬುದು ಕೆಲವರಿಗೆ ಗೊತ್ತಿಲ್ಲ. ಕುದುರೆಮುಖದ ಮಣ್ಣು ಕಂಡಿದ್ದ ನಮ್ಮ ಟೆಂಟನ್ನು ಹೊರಡುವ ಮೊದಲೇ ತೊಳೆದು ಒಣಗಿಸಿದ್ದರಿಂದ ತಪಾಸಣೆ ಬೇಗ ಮುಗಿಯಿತು.

ಆ ಟೆಂಟನ್ನು ನಾನು ಮತ್ತು ಮಗಳು ಔರಾಕಿಯ ಕೆಳಗಿರುವ ವೈಟ್ ಹಾರ್ಸ್ ಹಿಲ್ ಶಿಬಿರದಲ್ಲಿ ಹಾಕಿದೆವು. 3724 ಮೀಟರ್ ಎತ್ತರದ ಆ ಶಿಖರದ ಬುಡದಲ್ಲಿ, ಹಿಮನದಿಗಳ ಕಡೆಯಿಂದ ಇಳಿದು ಬರುವ ಗಾಳಿಗೆ ಬೆಂಗಳೂರಿನಲ್ಲಿ ಕೊಂಡ ಟೆಂಟು ಸಿದ್ಧವಾಗಿರಲಿಲ್ಲ. ಒಳಪದರವನ್ನು ಮೊದಲು ನಿಲ್ಲಿಸಿ ಆಮೇಲೆ ಮಳೆಪದರ ಹೊದಿಸುವ ರಚನೆ ಅದರದ್ದು. ನಿಲ್ಲಿಸುವಷ್ಟರಲ್ಲಿ ತುಂತುರು ಬಂದು ಒಳಗೆಲ್ಲ ಒದ್ದೆಯಾಯಿತು. ಹೊರಪದರವೇ ಮೊದಲು ನಿಲ್ಲುವ, ಅಥವಾ ಎರಡೂ ಒಟ್ಟಿಗೆ ಏಳುವ ಟೆಂಟುಗಳು ಮಾರುಕಟ್ಟೆಯಲ್ಲಿವೆ. ಮಳೆ ಗಾಳಿಯ ನಾಡಿಗೆ ಅಂಥದ್ದನ್ನೇ ಒಯ್ಯಬೇಕು. ಕಲ್ಲುನೆಲದಲ್ಲಿ ತೆಳುವಾದ ಗೂಟಗಳು ಬಾಗಿಹೋದವು. ಬೆಳಿಗ್ಗೆ ನಮ್ಮ ಉಸಿರಿನ ತೇವವೇ ಹನಿಯಾಗಿ ಮುಖದ ಮೇಲೆ ಬೀಳುತ್ತಿತ್ತು, ಏಕೆಂದರೆ ಗಾಳಿಕಿಂಡಿ ಇದ್ದದ್ದು ಮೇಲೆ ಒಂದೇ. ಕೆಳಗಿನಿಂದ ಒಳಬರುವ ದಾರಿ ಇಲ್ಲದಿದ್ದರೆ ಮೇಲಿನ ಕಿಂಡಿಯಿಂದ ಹೊರಹೋಗುವ ಗಾಳಿಯೂ ಇರುವುದಿಲ್ಲ. ಆದರೂ ಮಗಳಿಗೆ ನಕ್ಷತ್ರ ತೋರಿಸಿದ್ದು ಆ ರಾತ್ರಿಯೇ. ಮೋಡ ಸರಿದ ಅರ್ಧ ಗಂಟೆ ನಾವು ಟೆಂಟಿನಿಂದ ತಲೆ ಹೊರಹಾಕಿ ಮಲಗಿದ್ದೆವು.

ಮಿಲ್‌ಫರ್ಡ್ ದಾರಿಯ ಬಗ್ಗೆ ಎರಡು ಮಾತು. ಟೆ ಅನೌನಿಂದ ಸುಮಾರು 120 ಕಿಲೋಮೀಟರ್; ಡೀಸೆಲ್ಲನ್ನು ಟೆ ಅನೌನಲ್ಲೇ ತುಂಬಿಸಿಕೊಳ್ಳಿ. ರಾತ್ರಿ ತಂಗಲು ದಾರಿಯಲ್ಲಿ ಸಂರಕ್ಷಣಾ ಇಲಾಖೆಯ ಶಿಬಿರಗಳಿವೆ. ನಾವು ಉಳಿದದ್ದು ಕ್ಯಾಸ್ಕೇಡ್ ಕ್ರೀಕಿನಲ್ಲಿ. ಅಲ್ಲಿ ಸ್ಯಾಂಡ್‌ಫ್ಲೈ ಎಂಬ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿಗಳು ನಮು ಎಂದು ಕರೆಯುವ ಪುಟ್ಟ ಕಚ್ಚುವ ನೊಣ ವಿಪರೀತ. ಮನುಷ್ಯರು ಆ ಚೆಲುವಾದ ಜಾಗದಲ್ಲಿ ಬಹಳ ಕಾಲ ನಿಲ್ಲದಿರಲೆಂದು ಹಿನೆ ನುಯಿ ಟೆ ಪೊ ಎಂಬ ದೇವತೆ ಇವನ್ನು ಬಿಟ್ಟಳೆಂದು ಮಾವೊರಿಗಳ ಕಥೆ ಇದೆ. ನಮ್ಮ ವಾಹನದ ಕಿಟಕಿಗಳಿಗೆಲ್ಲ ಜಾಲರಿ ಇತ್ತು, ಬಾಗಿಲಿಗೆ ಇರಲಿಲ್ಲ. ಐವರು ಇಳಿದು ಹತ್ತುವ ಬಾಗಿಲಿಗೇ ಜಾಲರಿ ಇಲ್ಲದಿದ್ದರೆ ಕಿಟಕಿಯ ಜಾಲರಿಯಿಂದ ಏನು ಪ್ರಯೋಜನ? ಅಯಸ್ಕಾಂತದ ಅಂಚಿನ ಜಾಲರಿ ಪರದೆಯೊಂದನ್ನು ಒಯ್ದರೆ ಈ ಕೊರತೆ ತುಂಬುತ್ತದೆ.

ಗಟ್ಟಿ ಸೂಟ್‌ಕೇಸುಗಳಿಗೆ ಯಾವ ಕಪಾಟಿನಲ್ಲೂ ಜಾಗವಿಲ್ಲ. ಬಟ್ಟೆಯ ಚೀಲಗಳೇ ಇರಲಿ. ಆರ್ಥರ್ಸ್ ಪಾಸಿನ ಏರಿನಲ್ಲಿ ಕಪಾಟಿನ ಚಿಲಕ ಬಿಟ್ಟು ತಟ್ಟೆಗಳು ಉರುಳಿದವು, ಆದ್ದರಿಂದ ಹೊರಡುವ ಮುನ್ನ ಪ್ರತಿ ಚಿಲಕವನ್ನೂ ಒತ್ತಿ ನೋಡಿ, ಪಾತ್ರೆಗಳ ನಡುವೆ ಟವೆಲ್ ಇಡಿ. ನಮ್ಮಂತೆಯೇ ಎಡಬದಿಯ ಸಂಚಾರವಾದ್ದರಿಂದ ಓಡಿಸುವುದು ಕಷ್ಟವೆನಿಸಲಿಲ್ಲ. ಕಿರಿದಾದ ತಿರುವುಗಳಲ್ಲಿ ಹಿಂದೆ ವಾಹನಗಳು ಸಾಲುಗಟ್ಟಿದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಿ.

ಮೊಣಕಾಲು ನೋವಿರುವ ನನ್ನ ತಾಯಿಗೆ ಇಡೀ ಪ್ರವಾಸದಲ್ಲಿ ಅತಿ ಕಷ್ಟವಾದದ್ದು ಬಾಗಿಲಿನ ಮೆಟ್ಟಿಲು. ನೆಲದಿಂದ ಮೊದಲ ಮೆಟ್ಟಿಲಿಗೆ ಒಂದು ಮೊಳಕ್ಕೆ ಸ್ವಲ್ಪವೇ ಕಡಿಮೆ ಎತ್ತರ, ಹಿಡಿದುಕೊಳ್ಳಲು ಒಳಬದಿಯಲ್ಲಿ ಒಂದೇ ಹಿಡಿ, ಅದೂ ಬಲಗೈಗೆ. ಮೂರನೆಯ ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮಡಚುವ ಮಣೆಯೊಂದನ್ನು ಕೊಂಡ ಮೇಲೆ ಅವರು ಒಬ್ಬರೇ ಇಳಿದು ಹತ್ತತೊಡಗಿದರು, ಸಂಜೆ ನಮ್ಮನ್ನು ಕರೆಯದೆ ಸರೋವರದ ದಂಡೆಯವರೆಗೆ ನಡೆದು ಬರತೊಡಗಿದರು. ವಾಹನ ಹಿಂತಿರುಗಿಸುವ ದಿನ ಕ್ಯಾಸೆಟ್ ಖಾಲಿ ಮಾಡಿ, ಬಳಸಿದ ನೀರು ಚೆಲ್ಲಿ, ಡೀಸೆಲ್ ತುಂಬಿಸಲು ಎರಡು ಗಂಟೆ ಬೇಕಾಗುತ್ತದೆ; ವಿಮಾನದ ಸಮಯವನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ. ಆ ಮಣೆಯನ್ನು ನಾವು ವಾಹನದಲ್ಲೇ ಬಿಟ್ಟು, ಮುಂದೆ ಬರುವವರಿಗೆ ಇದನ್ನು ಕೊಡಿ ಎಂದು ಒಂದು ಚೀಟಿ ಬರೆದಿಟ್ಟು ಬಂದೆವು.